ಬೈತಲೆಗೂ ಬಿಸಿಲು ತಾಗುತ್ತದೆ

ಬಹಾಮಾಸ್‌ನ ನಸ್ಸಾವಿನಲ್ಲಿ ಹಡಗು ನಿಂತಾಗ ಮಗಳಿಗೆ ಸಣ್ಣ ಸಣ್ಣ ಜಡೆ ಹಾಕಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹಾಕಿಸಿ. ಕೂರುವ ಮುಂಚೆಯೇ ದರ ಮಾತಾಡಿಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ಒಂದೊಂದು ಜಡೆಗೆ ಇಷ್ಟು ಎಂದು ಲೆಕ್ಕ. ತುದಿಗೆ ಪೋಣಿಸುವ ಮಣಿಗೆ ಬೇರೆ ದುಡ್ಡೇ ಎಂದೂ ಕೇಳಿ. ಬಹಾಮಾಸ್ ಡಾಲರಿಗೂ ಅಮೆರಿಕದ ಡಾಲರಿಗೂ ಬೆಲೆ ಒಂದೇ, ಹಣ ಬದಲಿಸುವ ತಾಪತ್ರಯವಿಲ್ಲ.

ನನ್ನ ಚಿಂತೆ ನೆತ್ತಿಯದು. ನಮ್ಮ ಎರಡು ಜಡೆಗೆ ಒಂದೇ ಬೈತಲೆ ಸಾಕು. ಇದಕ್ಕೆ ತಲೆತುಂಬ ಹತ್ತಾರು. ಎಂದೂ ಬಿಸಿಲು ಕಾಣದ ಆ ಗೆರೆಗಳು ಒಂದೇ ಮಧ್ಯಾಹ್ನದಲ್ಲಿ ಸುಟ್ಟು, ರಾತ್ರಿ ದಿಂಬಿಗೆ ತಲೆಯಿಟ್ಟರೆ ಚುರುಗುಟ್ಟುತ್ತವೆ. ಎಸ್‌ಪಿಎಫ್ 30ರ ಸನ್‌ಸ್ಕ್ರೀನನ್ನು ಬೆರಳ ತುದಿಯಲ್ಲಿ ಗೆರೆಯುದ್ದಕ್ಕೂ ಹಚ್ಚಿ, ಮೇಲೊಂದು ಟೋಪಿ ಹಾಕಿ. ಕಡಲಲ್ಲಿ ಆಡಿ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಬುಡ ಒಣಗಿಸಿ, ಮತ್ತೆ ಹಚ್ಚಿ.

ಹುಬ್ಬು ಮೇಲೇರುವಷ್ಟು ಬಿಗಿದರೆ, ಹಣೆಯಂಚಿನಲ್ಲಿ ಗುಳ್ಳೆ ಎದ್ದರೆ, ಕೊಟ್ಟ ದುಡ್ಡಿನ ಮುಖ ನೋಡದೆ ಬಿಚ್ಚಿಬಿಡಿ. ಎಳೆತಕ್ಕೆ ಮೊದಲು ಉದುರುವುದು ಅಲ್ಲಿನ ಎಳೆಗೂದಲೇ. (ಬಿಗಿ ಜಡೆಯ ಅಜ್ಜಿಯರಿಗೂ ಈ ಮಾತು ಹೇಳಬೇಕು!)

ವಾರದ ಬಳಿಕ ಬಿಚ್ಚಿದಾಗ ಕೈಗೆ ಕೂದಲ ಉಂಡೆಯೇ ಬಂದೀತು. ಗಾಬರಿ ಬೇಡ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅಷ್ಟೂ ದಿನದ್ದು ಜಡೆಯೊಳಗೇ ಸಿಕ್ಕಿಕೊಂಡಿತ್ತು.