ನೇರ ಪ್ರಸಾರಕ್ಕೆ ಎರಡು ತಕ್ಕಡಿಯೇ?



2020ರ ಲಾಕ್‌ಡೌನ್ ಕಾಲದಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ, ಬಲಿಪೂಜೆ ಮೊಬೈಲ್ ಫೋನಿನ ಮೂಲಕ ನಮ್ಮ ಮನೆಗಳಿಗೆ ಬಂತು. ಜೂನ್ 13ರಂದು ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಲಾಗದ ಅಜ್ಜಿಗೆ ಪೂಜೆಯನ್ನು ತೋರಿಸಬಲ್ಲ ಸಾಧನವಿದು. ಅದೇ ಫೋನು ರಾತ್ರಿ ಮೊಮ್ಮಗನಿಗೆ ಏನನ್ನು ತೋರಿಸುತ್ತದೆ? ಕೆಟ್ಟದ್ದನ್ನು ತಡೆಯುವವರು ಯಾರು? ಈ ವಾರ ಇದನ್ನು ವಿಚಾರ ಮಾಡೋಣ.

ನಿಯಮ ಇದೆ, ಜಾರಿ ಹೇಗಿದೆ?

ಯೂಟ್ಯೂಬ್, ಫೇಸ್‌ಬುಕ್ ಮುಂತಾದ ಸಂಸ್ಥೆಗಳಿಗೆ ಲಿಖಿತ ನಿಯಮಗಳಿವೆ. ಹಿಂಸೆ, ಅಶ್ಲೀಲತೆ, ದ್ವೇಷದ ಮಾತು ಕೂಡದು ಎನ್ನುತ್ತವೆ ಅವು. ಆದರೆ ಜಾರಿಯಲ್ಲಿ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಪೂಜೆಯ ನಡುವೆ ಕಂಪನಿಯೊಂದರ ಹಕ್ಕಿನಲ್ಲಿರುವ ಗೀತೆಯ ಧ್ವನಿಮುದ್ರಣ ಕೇಳಿಸಿದರೆ ಪ್ರಸಾರದ ಧ್ವನಿಯೇ ನಿಂತುಹೋಗಬಹುದು. ಆದರೆ 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಮಸೀದಿಯಲ್ಲಿ ಪ್ರಾರ್ಥನೆಗೆ ಸೇರಿದ್ದವರನ್ನು ಕೊಂದವನು ಆ ಕೃತ್ಯವನ್ನು 17 ನಿಮಿಷ ಫೇಸ್‌ಬುಕ್‌ನಲ್ಲಿ ನೇರವಾಗಿ ಪ್ರಸಾರ ಮಾಡಿದ. ಕಂಪನಿ ತಿಳಿಸಿದಂತೆ, ವೀಕ್ಷಕರಿಂದ ಮೊದಲ ದೂರು ಬಂದದ್ದು ಪ್ರಸಾರ ಆರಂಭವಾದ 29 ನಿಮಿಷಗಳ ಬಳಿಕ. ಮುಂದಿನ 24 ಗಂಟೆಗಳಲ್ಲಿ ಅದರ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಬೇಕಾಯಿತು.

ಈ ಅಂತರಕ್ಕೆ ಕಾರಣವಿದೆ. ಹಾಡಿನ ಮೂಲ ಪ್ರತಿಯನ್ನು ಹಕ್ಕುದಾರರು ಮೊದಲೇ ಕೊಟ್ಟಿರುತ್ತಾರೆ. ಯಂತ್ರ ಹೋಲಿಸಿ ನೋಡಿದರೆ ಸಾಕು. ಆಗತಾನೇ ನಡೆಯುತ್ತಿರುವ ಕ್ರೌರ್ಯಕ್ಕೆ ಹೋಲಿಸಲು ಪ್ರತಿಯೇ ಇರುವುದಿಲ್ಲ. ನಮ್ಮೂರಿನ ಕನ್ನಡದಲ್ಲಿ ಆಡಿದ ಕೀಳುಮಾತು ಯಂತ್ರಕ್ಕೆ ಸುಲಭವಾಗಿ ಅರ್ಥವಾಗುವುದೂ ಇಲ್ಲ. ಹೀಗಾಗಿ ತಪ್ಪು ಎಷ್ಟು ದೊಡ್ಡದು ಎಂಬುದಕ್ಕಿಂತ, ಅದನ್ನು ಗುರುತಿಸುವುದು ಎಷ್ಟು ಸುಲಭ, ದೂರು ಕೊಡುವವರು ಯಾರು ಎಂಬುದರ ಮೇಲೆ ಶಿಕ್ಷೆ ನಿಂತಿದೆ.

ನಮ್ಮ ರಾಜ್ಯದ ಉದಾಹರಣೆ

ಕರ್ನಾಟಕ ಹೈಕೋರ್ಟಿನ ಕಲಾಪಗಳ ನೇರ ಪ್ರಸಾರಕ್ಕೆ 2022ರ ಜನವರಿ 1ರಿಂದ ನಿಯಮಗಳು ಜಾರಿಗೆ ಬಂದವು. ಅನುಮತಿ ಇಲ್ಲದೆ ತುಣುಕುಗಳನ್ನು ಹಂಚುವಂತಿಲ್ಲ ಎಂದು ಅದರಲ್ಲಿಯೇ ಇತ್ತು. ಆದರೂ ತುಣುಕುಗಳು ಧಾರಾಳವಾಗಿ ಹರಿದಾಡಿದವು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಯೊಬ್ಬರ ಮಾತುಗಳು ದೇಶದ ತುಂಬ ಹರಡಿ ವಿವಾದವಾದ ಮೇಲೆಯೇ ಹೈಕೋರ್ಟು ಮಧ್ಯಂತರ ಆದೇಶ ಹೊರಡಿಸಿತು. ನೇರ ಪ್ರಸಾರವನ್ನೇ ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ ಎಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟು ವ್ಯಕ್ತಪಡಿಸಿತು. ನಮಗೂ ಇದು ಪಾಠ: ಫೋನನ್ನು ಒಡೆದುಹಾಕುವುದು ಉತ್ತರವಲ್ಲ.

ತಂದೆ ತಾಯಂದಿರ ಹೊಣೆ

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಕುರಿತು ಹೊರಡಿಸಿದ ಆದೇಶಪತ್ರವು, ಮನೆಯೊಳಗೆ ಬರುವುದನ್ನು ಕಾಯುವ ಹೊಣೆಯನ್ನು ಹೆತ್ತವರಿಗೆ ಒಪ್ಪಿಸಿದೆ. ಯೂಟ್ಯೂಬ್ 2025ರ ಜುಲೈ 22ರಿಂದ, 16 ವರ್ಷದೊಳಗಿನವರು ಒಬ್ಬರೇ ನೇರ ಪ್ರಸಾರ ಮಾಡಬಾರದೆಂದು ನಿಯಮ ಮಾಡಿತು. ಆದರೆ ಮಗನ ಕೈಯಲ್ಲಿರುವ ಖಾತೆ ಅಪ್ಪನ ಹೆಸರಿನಲ್ಲಿದ್ದರೆ, ಖಾತೆಯಲ್ಲಿ ಕಾಣುವುದು ಅಪ್ಪನ ವಯಸ್ಸು!

ಆದ್ದರಿಂದ ಹೀಗೆ ಮಾಡಿರಿ. ಕೆಟ್ಟ ಪ್ರಸಾರ ಕಂಡರೆ, ‘ನೋಡಿ, ಎಂಥ ಅನ್ಯಾಯ’ ಎಂದು ಗುಂಪಿಗೆ ಕಳುಹಿಸಬೇಡಿರಿ. ಅದರಿಂದ ಅದು ಇನ್ನಷ್ಟು ಹರಡುತ್ತದೆ. ಅಲ್ಲಿಯೇ ದೂರು ಒತ್ತಿ, ಖಾತೆಯ ಹೆಸರು ಮತ್ತು ಸಮಯ ಬರೆದಿಟ್ಟುಕೊಳ್ಳಿರಿ. ಮಕ್ಕಳ ಅಶ್ಲೀಲ ದೃಶ್ಯವಾಗಿದ್ದರೆ ಪ್ರತಿ ಇಟ್ಟುಕೊಳ್ಳಲೇಬೇಡಿರಿ. ಆನ್‌ಲೈನ್ ಹಣದ ಮೋಸವಾಗಿದ್ದರೆ 1930, ಮಗು ಅಪಾಯದಲ್ಲಿದ್ದರೆ 1098ಕ್ಕೆ ಕರೆ ಮಾಡಿರಿ. 2021ರ ಕೇಂದ್ರ ನಿಯಮಗಳಂತೆ ಈ ಸಂಸ್ಥೆಗಳಿಗೆ ದೂರು ಅಧಿಕಾರಿ ಇರಲೇಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ, 2023ರಲ್ಲಿ ರಚನೆಯಾದ ಮೇಲ್ಮನವಿ ಸಮಿತಿಗಳಿಗೆ 30 ದಿನದೊಳಗೆ ಬರೆಯಬಹುದು.

ಕಳ್ಳ ತಕ್ಕಡಿಯನ್ನು ದೇವರು ಮೆಚ್ಚುವುದಿಲ್ಲವೆಂದು ಜ್ಞಾನೋಕ್ತಿಗಳ ಗ್ರಂಥ ಕಲಿಸುತ್ತದೆ. ಕಂಪನಿಯ ತಕ್ಕಡಿಯನ್ನು ದೂರುವ ನಾವು ಮನೆಯ ತಕ್ಕಡಿಯನ್ನೂ ನೋಡಿಕೊಳ್ಳಬೇಕು.

ಮನೆಯಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಫೋನಿನ ನಿಯಮ ಮಗಳಿಗೊಂದು, ಮಗನಿಗೊಂದು ಆಗಿದೆಯೇ?

2. ಜಪಸರದ ಹೊತ್ತಿನಲ್ಲಿ ಹಿರಿಯರ ಫೋನೂ ಬದಿಗಿರುತ್ತದೆಯೇ?

3. ಹೆದರಿಸುವಂಥದ್ದೇನಾದರೂ ಕಂಡರೆ, ಬೈಗುಳದ ಭಯವಿಲ್ಲದೆ ಮಕ್ಕಳು ನಮ್ಮ ಬಳಿ ಹೇಳಬಲ್ಲರೇ?