ಬ್ರಾಂಡಿನ ಹೆಸರಿಗೆ ಬಿಲ್ ಬಂದರೆ ಗಾಬರಿ ಬೇಡ

ನಮ್ಮದು ಆಲೂರು ಕಡೆಯ ಮಳೆ ನಂಬಿದ ಹೊಲ. ರಾಗಿ, ಮುಸುಕಿನ ಜೋಳ, ಒಂದಿಷ್ಟು ಆಲೂಗಡ್ಡೆ. ರಾಗಿಯನ್ನು ಹಾಗೇ ಮಾರಿದರೆ ಏನೂ ಉಳಿಯೋದಿಲ್ಲ ಅಂತ ಐದು ಮನೆಯವರು ಸೇರಿ ಹುರಿಹಿಟ್ಟು ಮಾಡಿ ಸಕಲೇಶಪುರದ ಅಂಗಡಿಗಳಿಗೆ ಕೊಡುತ್ತಿದ್ದೇವೆ. ಪ್ಯಾಕೆಟ್ಟಿನ ಮೇಲೆ ನಮ್ಮದೇ ಒಂದು ಹೆಸರು. ಅದನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು ಅಂತ ಹೋದ ವರ್ಷ ಟ್ರೇಡ್ ಮಾರ್ಕಿಗೆ ಅರ್ಜಿ ಹಾಕಿದೆವು.

ಮೂರು ತಿಂಗಳು ತುಂಬಿರಲಿಲ್ಲ, ಒಂದು ಲಕೋಟೆ ಬಂತು. ಒಳಗೆ ದಪ್ಪ ಕಾಗದ, ಪೂರಾ ಇಂಗ್ಲಿಷು, ಮೇಲೆ ಸರ್ಕಾರದ್ದೇ ಅನ್ನಿಸುವ ಮುದ್ರೆ. ನನ್ನ ಹೆಸರು, ವಿಳಾಸ, ಅರ್ಜಿ ನಂಬರು ಎಲ್ಲಾ ಸರಿಯಾಗಿತ್ತು. ನವೀಕರಣ ಶುಲ್ಕ 18,600 ರೂ. ಅಂತೆ. ಏಳು ದಿನದೊಳಗೆ ಕಟ್ಟದಿದ್ದರೆ ಹೆಸರು ರದ್ದಂತೆ. ನಮ್ಮ ಐದು ಮನೆಯ ಎರಡು ತಿಂಗಳ ಲಾಭ ಸೇರಿಸಿದರೂ ಅಷ್ಟಾಗೋದಿಲ್ಲ. ಆದರೂ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಕಟ್ಟುವುದು ಅಂತ ತೀರ್ಮಾನ ಮಾಡಿದ್ದೆ. ರಾತ್ರಿ ಅಣ್ಣನ ಮಗ ಬಂದವನು ಕಾಗದ ಓದಿ, "ಚಿಕ್ಕಪ್ಪ, ಇನ್ನೂ ನಾಟಿನೇ ಆಗಿಲ್ಲ, ಕೂಳೆ ಬೆಳೆಗೆ ದುಡ್ಡು ಕೇಳ್ತಿದಾರಲ್ಲ!" ಅಂದ.

ನಂಬರು ಅವರಿಗೆ ಸಿಕ್ಕಿದ್ದು ಹೇಗೆ?

ಇದರಲ್ಲಿ ಮಾಟ ಮಂತ್ರ ಏನಿಲ್ಲ. ಅರ್ಜಿದಾರರ ಹೆಸರು, ವಿಳಾಸವನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಒಪ್ಪಿಗೆಯಾದ ಹೆಸರು ಟ್ರೇಡ್ ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ತಕರಾರು ಇದ್ದವರು 4 ತಿಂಗಳೊಳಗೆ ಹೇಳಲಿ ಅಂತ ಈ ವ್ಯವಸ್ಥೆ. ಅದನ್ನೇ ನೋಡಿಕೊಂಡು ಮೋಸಗಾರರು ಬಿಲ್ ಕಳಿಸುತ್ತಾರೆ. ಇದು ನಮ್ಮ ದೇಶದಲ್ಲಿ ಮಾತ್ರ ಅಲ್ಲ. ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೂ ಇಂಥ ಬಿಲ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಗೊತ್ತಿರಬೇಕಾದ ಲೆಕ್ಕ

1. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂ. ಅದನ್ನು ಅರ್ಜಿಯ ಜೊತೆಗೇ ಕಟ್ಟಿ ಆಗಿರುತ್ತದೆ. ಸರ್ಟಿಫಿಕೇಟ್ ಕೊಡುವಾಗ ಬೇರೆ ಶುಲ್ಕ ಇಲ್ಲ.

2. ನವೀಕರಣ 10 ವರ್ಷಕ್ಕೊಮ್ಮೆ. ಆನ್‌ಲೈನಿನಲ್ಲಿ ವರ್ಗಕ್ಕೆ 9,000 ರೂ. ಅರ್ಜಿ ಹಾಕಿದ ವರ್ಷವೇ ನವೀಕರಣ ಕೇಳಿದರೆ ಅದು ಮೋಸವೇ.

3. ಕರ್ನಾಟಕ ಬರುವುದು ಚೆನ್ನೈ ಟ್ರೇಡ್ ಮಾರ್ಕ್ ಕಚೇರಿಯ ವ್ಯಾಪ್ತಿಗೆ. ಶುಲ್ಕ ಕಟ್ಟುವುದು ಸರ್ಕಾರದ ವೆಬ್‌ಸೈಟಿನಲ್ಲಿ. ಯಾರದೋ ಬ್ಯಾಂಕ್ ಖಾತೆಗೋ, ಫೋನಿನ ನಂಬರಿಗೋ ಅಲ್ಲ.

4. ಕಾಗದದಲ್ಲಿರುವ ಫೋನಿಗೆ ಮಾಡಿ ವಿಚಾರಿಸಬೇಡಿ. ಅರ್ಜಿ ನಂಬರು ಹಾಕಿ ವೆಬ್‌ಸೈಟಿನಲ್ಲೇ ನೋಡಿ, ಅದಕ್ಕೆ ದುಡ್ಡಿಲ್ಲ. ಅರ್ಜಿ ಹಾಕಿಕೊಟ್ಟ ವಕೀಲರನ್ನೋ ಆಡಿಟರನ್ನೋ ಕೇಳಿ.

ತಳಿಗೂ ಇದೇ ಮಾತು

ಮನೆಯ ಹಲಸಿಗೋ ಭತ್ತಕ್ಕೋ "ಪೇಟೆಂಟ್ ಮಾಡಿಸಿ ಕೊಡ್ತೀವಿ, ಸರ್ಕಾರಿ ಫೀಸು ಕೊಡಿ" ಅಂತ ಯಾರಾದರೂ ಬಂದರೆ ಎರಡು ವಿಷಯ ನೆನಪಿಡಿ. ನಮ್ಮ ದೇಶದಲ್ಲಿ ಗಿಡದ ತಳಿಗೆ ಪೇಟೆಂಟ್ ಇಲ್ಲ. ಇರುವುದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ. ಅದರ 44ನೇ ಕಲಮಿನ ಪ್ರಕಾರ ರೈತರು, ರೈತರ ಗುಂಪು ಈ ಪ್ರಾಧಿಕಾರದ ಮುಂದೆ ಯಾವ ಶುಲ್ಕವನ್ನೂ ಕೊಡಬೇಕಾಗಿಲ್ಲ. ಸರಿಯಾದ ದಾರಿ ಹಿಡಿದರೆ ಲಾಭ ರೈತನಿಗೇ ಬರುತ್ತದೆ. ತುಮಕೂರು ಜಿಲ್ಲೆಯ 'ಸಿದ್ದು' ಹಲಸನ್ನು ನೋಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ 2017ರಲ್ಲಿ ಮರದ ಯಜಮಾನರ ಜೊತೆ ಒಪ್ಪಂದ ಮಾಡಿಕೊಂಡಿತು. ಆದಾಯದಲ್ಲಿ ಶೇ. 75 ಅವರಿಗೇ ಅಂತ ನಿಗದಿಯಾಯಿತು.

ನಾಚಿಕೆ ಬಿಡಿ

ಸಂತೆಯಲ್ಲಿ ಈ ಕತೆ ಹೇಳುವಾಗ ಜೇನು ಮಾರುವ ಸ್ನೇಹಿತರೊಬ್ಬರ ಮುಖ ಸಪ್ಪಗಾಯಿತು. ಅಂಥದ್ದೇ ಕಾಗದಕ್ಕೆ ಅವರು ಆರು ತಿಂಗಳ ಹಿಂದೆ ದುಡ್ಡು ಕಟ್ಟಿದ್ದರು. ಜನ ನಕ್ಕಾರು ಅಂತ ಮನೆಯಲ್ಲೂ ಹೇಳಿರಲಿಲ್ಲ. ಕಟ್ಟಿದ ದಿನವೇ 1930ಕ್ಕೆ ಫೋನ್ ಮಾಡಿದ್ದರೆ ದುಡ್ಡು ತಡೆಹಿಡಿಯುವ ಅವಕಾಶವಾದರೂ ಇರುತ್ತಿತ್ತು. ಅವರು ಬಾಯಿ ಬಿಟ್ಟಿದ್ದರೆ ನಾನೂ ಆ ರಾತ್ರಿ ನಿದ್ದೆ ಕೆಡಬೇಕಾಗಿರಲಿಲ್ಲ.

ಏಳು ದಿನದ ಗಡುವು ಹಾಕುವುದೇ ನಾವು ಯಾರನ್ನೂ ಕೇಳದಿರಲಿ ಅಂತ. ಹಾಗಾಗಿ ಇಂಥ ಕಾಗದ ಬಂದರೆ ಮೊದಲು ನಾಲ್ಕು ಜನಕ್ಕೆ ತೋರಿಸಿ. ನನ್ನ ಲಕೋಟೆಯನ್ನು ಬಿಸಾಡಿಲ್ಲ, ಸಂಘದ ಗೋಡೆಗೆ ಅಂಟಿಸಿದ್ದೇವೆ.