ಅಗ್ಗದ ಲ್ಯಾಪ್‌ಟಾಪ್: ಒಂದು ಅಭ್ಯಾಸ ಪಾಠ

ಬಾಗಲಗುಂಟೆಯ ಶಾಲೆಯೊಂದರ 9ನೇ ತರಗತಿಯಲ್ಲಿ, ನಾನೇ ರಚಿಸಿದ ಜಾಹೀರಾತನ್ನು ಕಪ್ಪು ಹಲಗೆಯ ಮೇಲೆ ಬರೆದೆ: ‘ಹೊಸ ಲ್ಯಾಪ್‌ಟಾಪ್ ₹2,999. ನೋಂದಣಿಗೆ ಈಗಲೇ ₹499 ಕಟ್ಟಿ.’ ನಿಜವೋ ಸುಳ್ಳೋ ಎಂದೆ. ‘ಸುಳ್ಳು’ ಎಂದು ತರಗತಿ ಕೂಗಿತು. ಕಾರಣ ಕೇಳಿದರೆ ‘ತುಂಬಾ ಅಗ್ಗ ಮಿಸ್’ ಎಂಬ ಒಂದೇ ಉತ್ತರ. ಪಾಠ ಯೋಜನೆಯಲ್ಲಿ ನಾನೂ ಅಷ್ಟೇ ಬರೆದುಕೊಂಡಿದ್ದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. ‘ನಮ್ಮಣ್ಣ ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಗ್ಗಕ್ಕೇ ತಂದಿದ್ದು ಮಿಸ್, ಚೆನ್ನಾಗಿದೆ.’ ಅವನು ಹೇಳಿದ್ದು ಸರಿ. ಅಲ್ಲಿ ಅಗ್ಗಕ್ಕೆ ಕಾರಣವಿತ್ತು, ಅದು ಹಳೆಯದು. ಅಣ್ಣ ಆನ್ ಮಾಡಿ ನೋಡಿ, ಬಿಲ್ ಪಡೆದು ದುಡ್ಡು ಕೊಟ್ಟಿದ್ದ. ನಮ್ಮ ಜಾಹೀರಾತಿನಲ್ಲಿ ದುಡ್ಡು ಮೊದಲು, ವಸ್ತು ಆಮೇಲೆ. 2016ರಲ್ಲಿ ₹251ಕ್ಕೆ ಸ್ಮಾರ್ಟ್‌ಫೋನ್ ಕೊಡುತ್ತೇವೆಂದ ‘ಫ್ರೀಡಂ 251’ ಕಥೆ ಇಲ್ಲಿ ಉಪಯೋಗಕ್ಕೆ ಬಂತು. ಬಿಡಿಭಾಗಗಳಿಗೇ ಅದರ ಹತ್ತು ಪಟ್ಟು ಬೇಕೆಂದು ಮೊಬೈಲ್ ಉದ್ಯಮದ ಸಂಘ ಆಗಲೇ ಎಚ್ಚರಿಸಿತ್ತು.

‘ಮೋಸ ಹೋಗೋರು ದಡ್ಡರು’ ಎಂದು ಯಾರೋ ಅಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಒಬ್ಬ ಹುಡುಗಿ ತಲೆ ಎತ್ತಲಿಲ್ಲ. ಗಂಟೆ ಹೊಡೆದ ಮೇಲೆ ಬಂದು, ‘ಅಮ್ಮ ನಿನ್ನೆ ರಾತ್ರಿ ಇಂಥದ್ದಕ್ಕೇ ದುಡ್ಡು ಹಾಕಿದ್ದಾರೆ’ ಎಂದಳು. ಹಣ ಬೇರೆ ಖಾತೆಗೆ ಹೋಗುವ ಮುನ್ನ ತಡೆಯಲು ಸಾಧ್ಯವಾಗಬಹುದು, ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಫೋನ್ ಮಾಡಿ ಎಂದು ಚೀಟಿ ಬರೆದುಕೊಟ್ಟೆ.

ಆ ಸಂಖ್ಯೆ ನನ್ನ ಪಾಠ ಯೋಜನೆಯಲ್ಲಿ ಇರಲೇ ಇಲ್ಲ. ಮರುದಿನ ‘ಬಿ’ ವಿಭಾಗದಲ್ಲಿ ಅಲ್ಲಿಂದಲೇ ಆರಂಭಿಸಿದೆ.